ರಾನಿ ಜೇಮ್ಸ್ ಡಿಯೋ ಆಲ್ಬಮ್‌ಗಳು: ಯಾವುದನ್ನು ಮೊದಲು ಕೊಳ್ಳಬೇಕು, ಯಾವ ಆವೃತ್ತಿ, ಯಾವುದನ್ನು ಬಿಡಬಹುದು

ಅಮೆರಿಕದ ಹೆವಿ ಮೆಟಲ್ ರಾಕ್ ಗಾಯಕ ರಾನಿ ಜೇಮ್ಸ್ ಡಿಯೋ ಹಾಡಿದ ಸ್ಟುಡಿಯೋ ಆಲ್ಬಮ್‌ಗಳು ಒಟ್ಟು 20. ಎಲ್ಫ್ ತಂಡದಲ್ಲಿ 3, ರೈನ್‌ಬೋದಲ್ಲಿ 3, ಬ್ಲ್ಯಾಕ್ ಸ್ಯಾಬತ್‌ನಲ್ಲಿ 3, ತಮ್ಮದೇ ಹೆಸರಿನ ಡಿಯೋ ತಂಡದಲ್ಲಿ 10, ಕಡೆಯಲ್ಲಿ ಹೆವನ್ ಅಂಡ್ ಹೆಲ್ ಎಂಬ ಹೆಸರಿನ ತಂಡದಲ್ಲಿ 1. ಮೊದಲನೆಯದು 1972ರದ್ದು, ಕೊನೆಯದು 2009ರದ್ದು. ಇವುಗಳ ಮೇಲೆ ಲೈವ್ ಆಲ್ಬಮ್‌ಗಳು, ಸಂಕಲನಗಳು, ರೀಮಾಸ್ಟರ್‌ಗಳು (ಹಳೆಯ ಧ್ವನಿಮುದ್ರಣದ ಸದ್ದನ್ನು ಮತ್ತೆ ಹದಗೊಳಿಸಿದವು), ಡಿಲಕ್ಸ್ ಪೆಟ್ಟಿಗೆಗಳು. ಸ್ಟ್ರೀಮಿಂಗ್ ಆಪ್‌ನಲ್ಲಿ ಹೆಸರು ಹುಡುಕಿದರೆ ಒಂದೇ ಆಲ್ಬಮ್ ಮೂರು ರೂಪದಲ್ಲಿ ಎದುರಾಗುತ್ತದೆ, ಯಾವುದನ್ನು ಒತ್ತಬೇಕೆಂದು ಯಾರೂ ಹೇಳುವುದಿಲ್ಲ.

ಆರು ಆಲ್ಬಮ್ ಇದ್ದರೆ ಸಾಕು: ರೈಸಿಂಗ್, ಹೆವನ್ ಅಂಡ್ ಹೆಲ್ (ಇದು ಬ್ಲ್ಯಾಕ್ ಸ್ಯಾಬತ್ ಆಲ್ಬಮ್‌ನ ಹೆಸರೂ ಹೌದು), ಮಾಬ್ ರೂಲ್ಸ್, ಹೋಲಿ ಡೈವರ್, ಡೀಹ್ಯೂಮನೈಜರ್, ದಿ ಡೆವಿಲ್ ಯು ನೋ. ಇನ್ನೂ ಬೇಕೆನ್ನುವವರಿಗೆ ಏಳನೆಯದು ದಿ ಲಾಸ್ಟ್ ಇನ್ ಲೈನ್. ಆದರೆ ಹೆಸರು ಸರಿಯಾಗಿದ್ದರೆ ಮುಗಿಯಲಿಲ್ಲ. ಈ ಗಾಯಕನ ಶಕ್ತಿ ಇರುವುದು ಮೆಲುದನಿಗೂ ಪೂರ್ಣ ಕಂಠಕ್ಕೂ ನಡುವಿನ ಅಂತರದಲ್ಲಿ. ಆ ಅಂತರವನ್ನು ಅಳಿಸಿಹಾಕಿದ ಆವೃತ್ತಿ ಕೈಗೆ ಬಂದರೆ ಹಾಡು ಅದೇ ಇರುತ್ತದೆ, ಡಿಯೋ ಮಾತ್ರ ಇರುವುದಿಲ್ಲ. ಆದ್ದರಿಂದ ಯಾವ ಆಲ್ಬಮ್ ಎಂಬಷ್ಟೇ ಯಾವ ಆವೃತ್ತಿ ಎಂಬುದನ್ನೂ ಇಲ್ಲಿ ನೋಡಿದ್ದೇವೆ. ಹಾಡಲು ಕಲಿಯುತ್ತಿರುವವರಿಗೆ ಪ್ರತಿ ಆಲ್ಬಮ್ ಏನು ಕೊಡುತ್ತದೆ ಎಂಬುದನ್ನೂ ಸೇರಿಸಿದ್ದೇವೆ.

ಡಿಯೋ ಹುಟ್ಟಿದ್ದು 1942ರ ಜುಲೈ 10ರಂದು, ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲ್ಯಾಂಡ್ ಎಂಬ ಸಣ್ಣ ಊರಿನಲ್ಲಿ. ಹುಟ್ಟುಹೆಸರು ರೊನಾಲ್ಡ್ ಪಡವೋನ, ಇಟಾಲಿಯನ್ ಮನೆತನ. ಐದನೇ ವಯಸ್ಸಿನಲ್ಲಿ ಕೈಗೆ ಬಂದದ್ದು ಟ್ರಂಪೆಟ್. ಯಾವ ಗುರುವಿನ ಬಳಿಯೂ ಕಂಠ ಸಾಧನೆ ಮಾಡಿದವರಲ್ಲ. ಉಸಿರಿನ ಹಿಡಿತ ಟ್ರಂಪೆಟ್ ಊದಿ ಬಂದದ್ದು ಎಂದು ಅವರೇ ಮತ್ತೆ ಮತ್ತೆ ಹೇಳುತ್ತಿದ್ದರು. 1950ರ ದಶಕದ ಕೊನೆಯಲ್ಲೇ ಊರಿನ ಹುಡುಗರ ಜೊತೆ ತಂಡ ಕಟ್ಟಿ, ಬೇಸ್ ಗಿಟಾರ್ ಹಿಡಿದು, ಆಮೇಲೆ ಹಾಡಲು ಶುರುಮಾಡಿದವರು. ಹಾಗಾಗಿ ರೈನ್‌ಬೋ ಸೇರುವಷ್ಟರಲ್ಲಿ 32 ವರ್ಷ ದಾಟಿದ್ದ, ವೇದಿಕೆಯಲ್ಲಿ ಪಳಗಿದ್ದ ಗಾಯಕ ಅವರು. ಮೆಟಲ್‌ನಲ್ಲಿ ಇಷ್ಟು ತಡವಾಗಿ ಹೆಸರು ಮಾಡಿದವರು ಕಡಿಮೆ. ಅವರ ಧ್ವನಿಯಲ್ಲಿ ಹುಡುಗುತನದ ಆತುರ ಎಲ್ಲೂ ಕೇಳದಿರುವುದಕ್ಕೆ ಇದೂ ಒಂದು ಕಾರಣ.

ಎಲ್ಫ್‌ನ ಮೂರು ಆಲ್ಬಮ್‌ಗಳನ್ನು ಸದ್ಯಕ್ಕೆ ಬಿಡಿ. ಪಿಯಾನೋ ಮುಂದಿರುವ, ಕುಣಿಸುವ ಬೂಗಿ ರಾಕ್ ಅದು. ಮೊದಲ ಆಲ್ಬಮ್ಮನ್ನು ನಿರ್ಮಿಸಿದವರು ಡೀಪ್ ಪರ್ಪಲ್ ತಂಡದ ರೋಜರ್ ಗ್ಲೋವರ್ ಮತ್ತು ಇಯಾನ್ ಪೇಸ್. ಡೀಪ್ ಪರ್ಪಲ್ ಕಛೇರಿಗಳ ಮುಂಚೆ ಹಾಡುತ್ತಿದ್ದ ಈ ತಂಡದ ಮೇಲೆ ಅದೇ ತಂಡದ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಕಣ್ಣು ಬಿತ್ತು. 1975ರಲ್ಲಿ ಎಲ್ಫ್‌ನ ಗಿಟಾರ್ ವಾದಕನನ್ನು ಬಿಟ್ಟು ಉಳಿದವರನ್ನು ಸೇರಿಸಿಕೊಂಡು ರೈನ್‌ಬೋ ಕಟ್ಟಿದರು. ಒಂದು ಆಲ್ಬಮ್ ಆದ ಮೇಲೆ ಡಿಯೋ ಒಬ್ಬರನ್ನು ಉಳಿಸಿಕೊಂಡು ಬಾಕಿಯವರನ್ನೆಲ್ಲ ಬದಲಾಯಿಸಿದರು. ಆ ಬದಲಾವಣೆಯ ಫಲವೇ 1976ರ ರೈಸಿಂಗ್.

ರೈಸಿಂಗ್‌ನಿಂದಲೇ ಶುರುಮಾಡಿ. ಆರು ಹಾಡು, ಒಟ್ಟು ಮೂವತ್ತಮೂರೂವರೆ ನಿಮಿಷ. ಮ್ಯೂನಿಕ್‌ನ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋದಲ್ಲಿ ಮಾರ್ಟಿನ್ ಬರ್ಚ್ ಧ್ವನಿಮುದ್ರಿಸಿದ್ದು. ಡ್ರಮ್‌ನಲ್ಲಿ ಕೋಜಿ ಪೊವೆಲ್. ಎಲ್‌ಪಿ ತಟ್ಟೆಯ ಎರಡನೇ ಬದಿಯಲ್ಲಿ ಎರಡೇ ಹಾಡು, ಎರಡೂ ಎಂಟು ನಿಮಿಷ ದಾಟಿದವು. ಮೊದಲನೆಯದು ಸ್ಟಾರ್‌ಗೇಜರ್, ಹಿಂದೆ ಮ್ಯೂನಿಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ. ಈ ಹಾಡಿನ ಕೊನೆಯ ಎರಡು ನಿಮಿಷಗಳನ್ನು ಗಮನವಿಟ್ಟು ಕೇಳಬೇಕು. ವಾದ್ಯವೃಂದ, ಗಿಟಾರ್, ಡ್ರಮ್ ಎಲ್ಲ ಒಟ್ಟಿಗೆ ಏರಿದಾಗ ಡಿಯೋ ಅದರ ಮೇಲೆ ಮನೋಧರ್ಮದಂತೆ ಸಾಲುಗಳನ್ನು ಬಿಡಿಸುತ್ತಾ ಹೋಗುತ್ತಾರೆ. ಪ್ರತಿ ಸಾಲಿನ ಕೊನೆಯ ಸ್ವರ ಶ್ರುತಿಯಿಂದ ಜಾರುವುದಿಲ್ಲ. ಉಸಿರು ಮುಗಿಯುತ್ತಾ ಬಂದಾಗ ಸ್ವರ ಇಳಿಯುವುದು ಹೊಸ ಗಾಯಕರ ಮೊದಲ ದೋಷ. ಇಲ್ಲಿ ಎಂಟು ನಿಮಿಷದ ಹಾಡಿನ ಕೊನೆಯಲ್ಲೂ ಅದು ಕಾಣಿಸುವುದಿಲ್ಲ.

ರೈಸಿಂಗ್‌ಗೆ 2011ರ ಎರಡು ಸಿಡಿಯ ಡಿಲಕ್ಸ್ ಆವೃತ್ತಿ ಒಳ್ಳೆಯ ಖರೀದಿ. ಮಿಕ್ಸ್ ಎಂದರೆ ಕಂಠ, ವಾದ್ಯಗಳ ಸದ್ದನ್ನು ಬೆರೆಸಿದ ಬಗೆ; ಅದರಲ್ಲಿ ನ್ಯೂಯಾರ್ಕ್ ಮಿಕ್ಸ್ ಮತ್ತು ಲಾಸ್ ಏಂಜಲೀಸ್ ಮಿಕ್ಸ್ ಎರಡೂ ಇವೆ, ಎರಡನೇ ಸಿಡಿಯಲ್ಲಿ ಕರಡು ಮಿಕ್ಸ್ ಕೂಡ ಇದೆ. ಒಂದೇ ಹಾಡನ್ನು ಮೂರು ಮಿಕ್ಸ್‌ನಲ್ಲಿ ಒಂದರ ಹಿಂದೆ ಒಂದು ಕೇಳಿದರೆ, ಕಂಠವನ್ನು ವಾದ್ಯಗಳ ಎದುರು ಎಲ್ಲಿ ನಿಲ್ಲಿಸುತ್ತಾರೆ ಎಂಬುದು ಯಾವ ಪಾಠಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಎಲ್‌ಪಿಯಲ್ಲಿ ಕೊಳ್ಳುವವರಿಗೂ ಇದೇ ಆಲ್ಬಮ್ ಸುರಕ್ಷಿತ. ಒಂದೊಂದು ಬದಿಗೆ 17 ನಿಮಿಷವೂ ಇಲ್ಲ, ಹಾಗಾಗಿ ಗೆರೆಗಳನ್ನು ಅಗಲವಾಗಿ ಕೊರೆಯಲು ಜಾಗವಿದೆ, ಸದ್ದು ಧಾರಾಳವಾಗಿ ಬರುತ್ತದೆ. ಒಂದು ಬದಿ 22 ನಿಮಿಷ ದಾಟಿದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಬೇಸ್ ಮತ್ತು ಒಟ್ಟು ಸದ್ದು ಎರಡನ್ನೂ ಇಳಿಸಬೇಕು. ಇನ್ನೊಂದು ವಿಷಯ ತಟ್ಟೆಯ ಒಳ ಅಂಚಿನದು. ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗುವ ತಟ್ಟೆಯ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸಾಗುತ್ತದೆ, ಒಳ ಅಂಚಿನಲ್ಲಿ ಸುಮಾರು 21 ಸೆಂಟಿಮೀಟರ್ ಮಾತ್ರ. ಅದೇ ಧ್ವನಿಯನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ತುರುಕಬೇಕು. ಗಾಯಕನ ಸಕಾರ, ಶಕಾರಗಳು ಅಲ್ಲಿ ಹರಿದಂತೆ ಕೇಳುತ್ತವೆ.

ಡಿಯೋ ಆಲ್ಬಮ್‌ಗಳಲ್ಲಿ ಇದು ಬಹಳ ಮುಖ್ಯ, ಏಕೆಂದರೆ ಅವರ ಅತ್ಯುತ್ತಮ ಹಾಡುಗಳು ಬದಿಯ ಕೊನೆಯಲ್ಲಿ ಬರುತ್ತವೆ. ಹೆವನ್ ಅಂಡ್ ಹೆಲ್ ಆಲ್ಬಮ್‌ನ ಶೀರ್ಷಿಕೆ ಗೀತೆ ಮೊದಲ ಬದಿಯ ಕೊನೆಯಲ್ಲಿ. ಹೋಲಿ ಡೈವರ್‌ನ ಡೋಂಟ್ ಟಾಕ್ ಟು ಸ್ಟ್ರೇಂಜರ್ಸ್ ಕೂಡ ಮೊದಲ ಬದಿಯ ಕೊನೆಯಲ್ಲಿ, ಆ ಬದಿ ಸುಮಾರು 22 ನಿಮಿಷ. ಹಳೆಯ ಎಲ್‌ಪಿ ಕೊಳ್ಳುವಾಗ ಅಂಗಡಿಯವರು ಹಾಕಿ ತೋರಿಸುವುದು ಸಾಮಾನ್ಯವಾಗಿ ಮೊದಲ ಹಾಡನ್ನು. ಬದಿಯ ಕೊನೆಯ ಹಾಡನ್ನೇ ಹಾಕಲು ಕೇಳಿ. ಸಕಾರ ಹರಿದು ಕೇಳಿದರೆ ಹಿಂದಿನ ಮಾಲೀಕರ ಸವೆದ ಸೂಜಿ ಗೆರೆಯನ್ನು ಕಿತ್ತಿದೆ ಎಂದರ್ಥ, ತೊಳೆದರೆ ಅದು ಹೋಗುವುದಿಲ್ಲ. ಚಟಪಟ ಸದ್ದು ಮಾತ್ರವಾದರೆ ಧೂಳು, ಅದನ್ನು ತೊಳೆಯಬಹುದು. ಮನೆಯಲ್ಲಿ ಎಲಿಪ್ಟಿಕಲ್ (ಅಂಡಾಕಾರದ ತುದಿಯ) ಸೂಜಿ, 2 ಗ್ರಾಂ ಸುತ್ತಮುತ್ತಲ ಭಾರ, ಸರಿಯಾಗಿ ಅಳೆದು ಕೂರಿಸಿದ ಕಾರ್ಟ್ರಿಡ್ಜ್ (ಸೂಜಿಯನ್ನು ಹಿಡಿದಿರುವ ಭಾಗ) ಇದ್ದರೆ ಸಾಕು. ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರ್‌ಗಳಲ್ಲಿ ಸೂಜಿಯ ಭಾರ ಇದರ ಎರಡು ಪಟ್ಟಿಗೂ ಹೆಚ್ಚು. ಒಳ್ಳೆಯ ತಟ್ಟೆಯನ್ನು ಅದರ ಮೇಲೆ ಇಡಬೇಡಿ.

ಈಗ ಹೆವನ್ ಅಂಡ್ ಹೆಲ್. ಆರರಲ್ಲಿ ಒಂದನ್ನೇ ಕೊಳ್ಳುವ ಶಕ್ತಿ ಇದ್ದರೆ ಇದನ್ನು ಕೊಳ್ಳಿ. 1979ರಲ್ಲಿ ಬ್ಲ್ಯಾಕ್ ಸ್ಯಾಬತ್ ತಂಡ ತನ್ನ ಗಾಯಕ ಆಜಿ ಆಸ್‌ಬರ್ನ್ ಅವರನ್ನು ಹೊರಗೆ ಕಳಿಸಿತ್ತು. ರೈನ್‌ಬೋ ಬಿಟ್ಟಿದ್ದ ಡಿಯೋ ಅಲ್ಲಿಗೆ ಬಂದರು. ಮುಗಿದೇ ಹೋಯಿತು ಎಂದುಕೊಂಡಿದ್ದ ತಂಡ 1980ರ ಏಪ್ರಿಲ್‌ನಲ್ಲಿ ಈ ಆಲ್ಬಮ್ ತಂದಿತು. ಮಯಾಮಿಯ ಕ್ರೈಟೀರಿಯಾ ಮತ್ತು ಪ್ಯಾರಿಸ್‌ನ ಫರ್ಬರ್ ಸ್ಟುಡಿಯೋಗಳಲ್ಲಿ ಕೆಲಸ, ನಿರ್ಮಾಪಕ ಮತ್ತೆ ಮಾರ್ಟಿನ್ ಬರ್ಚ್. ಇದೇ ಬರ್ಚ್ ಮುಂದೆ 1980ರ ದಶಕದುದ್ದಕ್ಕೂ ಐರನ್ ಮೇಡನ್ ತಂಡದ ಆಲ್ಬಮ್‌ಗಳನ್ನು ಮಾಡಿದವರು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಕೇಳಿದವರಿಗೆ ಆ ಸದ್ದಿನ ಬೇರು ಈ ಆಲ್ಬಮ್‌ನಲ್ಲಿ ಸಿಗುತ್ತದೆ. ಅಂಥ ಕಛೇರಿಗಳಲ್ಲಿ ಎಲ್ಲರೂ ಎತ್ತುವ ಎರಡು ಬೆರಳಿನ ಕೊಂಬಿನ ಮುದ್ರೆಯನ್ನು ಮೆಟಲ್‌ನಲ್ಲಿ ಹರಡಿದವರೂ ಡಿಯೋ. ಇಟಾಲಿಯನ್ ಅಜ್ಜಿ ಕೆಟ್ಟ ದೃಷ್ಟಿ ತಾಗದಿರಲೆಂದು ಮಾಡುತ್ತಿದ್ದ ಮುದ್ರೆ ಅದು, ನಮ್ಮಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿದ ಹಾಗೆ. ಆಸ್‌ಬರ್ನ್ ವೇದಿಕೆಯಲ್ಲಿ ಶಾಂತಿಯ ಮುದ್ರೆ ತೋರಿಸುತ್ತಿದ್ದರು, ಅವರನ್ನು ಅನುಕರಿಸಬಾರದೆಂದು ಡಿಯೋ ತಮ್ಮ ಅಜ್ಜಿಯದನ್ನು ತಂದರು.

ಎಂಟು ಹಾಡು, ನಲವತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ. ಎಲ್ಲ ಸಾಹಿತ್ಯವೂ ಡಿಯೋ ಅವರದೇ. ಎರಡನೆಯ ಹಾಡು ಚಿಲ್ಡ್ರನ್ ಆಫ್ ದ ಸೀ, ಬ್ಲ್ಯಾಕ್ ಸ್ಯಾಬತ್ ಗಿಟಾರ್ ವಾದಕ ಟೋನಿ ಅಯೋಮಿ ಜೊತೆ ಕೂತು ಮಾಡಿದ ಮೊದಲ ಹಾಡು. ಅಕೂಸ್ಟಿಕ್ ಗಿಟಾರಿನ ಮೇಲೆ ಮಾತನಾಡುವಷ್ಟೇ ಮೆಲ್ಲಗೆ ಶುರುವಾಗುತ್ತದೆ, ಆಮೇಲೆ ತಂಡ ಇಡಿಯಾಗಿ ಬಂದು ಬೀಳುತ್ತದೆ. ಈ ಆಕಾರವನ್ನು ಡಿಯೋ ಬದುಕಿನುದ್ದಕ್ಕೂ ಬಿಡಲಿಲ್ಲ. ಮಾಬ್ ರೂಲ್ಸ್‌ನ ದ ಸೈನ್ ಆಫ್ ದ ಸದರ್ನ್ ಕ್ರಾಸ್, ಹೋಲಿ ಡೈವರ್‌ನ ಡೋಂಟ್ ಟಾಕ್ ಟು ಸ್ಟ್ರೇಂಜರ್ಸ್, 1984ರ ದಿ ಲಾಸ್ಟ್ ಇನ್ ಲೈನ್, ಕಡೆಗೆ 2009ರ ಬೈಬಲ್ ಬ್ಲ್ಯಾಕ್ ಕೂಡ ಹೀಗೆಯೇ ಮೆಲ್ಲಗೆ ಬಂದು ತೆರೆದುಕೊಳ್ಳುತ್ತವೆ.

ಆವೃತ್ತಿಯನ್ನು ಪರೀಕ್ಷಿಸಲು ಚಿಲ್ಡ್ರನ್ ಆಫ್ ದ ಸೀ ಹಾಡನ್ನೇ ಬಳಸಿ. ಶುರುವಿನ ಮೆಲ್ಲಗಿನ ಭಾಗ ಪಕ್ಕದಲ್ಲಿ ಕೂತವರ ಮಾತಿನಷ್ಟು ಕೇಳುವಂತೆ ವಾಲ್ಯೂಮ್ ಇಡಿ. ತಂಡ ಬಂದಾಗ ಕೈ ತಾನಾಗಿ ವಾಲ್ಯೂಮ್ ಗುಂಡಿಯ ಕಡೆ ಹೋಗಬೇಕು. ಹೋಗದಿದ್ದರೆ, ಎರಡೂ ಭಾಗ ಸರಿಸುಮಾರು ಒಂದೇ ಎತ್ತರದಲ್ಲಿ ಕೇಳಿದರೆ, ಆ ಆವೃತ್ತಿಯನ್ನು ಮಾಸ್ಟರಿಂಗ್‌ನಲ್ಲಿ, ಅಂದರೆ ಹೊರತರುವ ಮುನ್ನ ಸದ್ದನ್ನು ಕೊನೆಯದಾಗಿ ಹದಗೊಳಿಸುವಾಗ, ಅತಿಯಾಗಿ ಒತ್ತಿದ್ದಾರೆ. ಕಣ್ಣಿನಿಂದಲೂ ನೋಡಬಹುದು: ಹಾಡಿನ ಫೈಲನ್ನು ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಿರಿ. ತರಂಗದ ತುದಿಗಳು ಬೆಟ್ಟದ ಸಾಲಿನಂತೆ ಏರಿಳಿಯುತ್ತಿದ್ದರೆ ಸರಿ, ಕತ್ತರಿಸಿದ ಬೇಲಿಯಂತೆ ಮಟ್ಟಸವಾಗಿದ್ದರೆ ಬಿಡಿ. ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಆಪ್‌ನ ವಾಲ್ಯೂಮ್ ನಾರ್ಮಲೈಸೇಶನ್ (ಎಲ್ಲ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಸೌಲಭ್ಯ) ಆನ್ ಇಟ್ಟು ಎರಡು ಆವೃತ್ತಿ ಹೋಲಿಸಬೇಕು. ಆಫ್ ಇದ್ದರೆ ಜೋರಾಗಿ ಮಾಡಿದ್ದೇ ಚೆನ್ನಾಗಿ ಕೇಳುತ್ತದೆ, ಕಿವಿ ಮೋಸ ಹೋಗುತ್ತದೆ. ಆನ್ ಮಾಡಿದಾಗ ಸ್ಪಾಟಿಫೈ ಎಲ್ಲವನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕೇಳುವ ಸದ್ದಿನ ಅಳತೆ) ಮಟ್ಟಕ್ಕೆ ತರುತ್ತದೆ. ಆಗ ಒತ್ತಿದ ಆವೃತ್ತಿ ಚಪ್ಪಟೆಯಾಗಿ, ಒತ್ತದ್ದು ಉಸಿರಾಡುತ್ತಾ ಕೇಳುತ್ತದೆ.

2021ರಲ್ಲಿ ಹೆವನ್ ಅಂಡ್ ಹೆಲ್ ಮತ್ತು ಮಾಬ್ ರೂಲ್ಸ್ ಎರಡಕ್ಕೂ ಡಿಲಕ್ಸ್ ಆವೃತ್ತಿ ಬಂತು. ಮಾಬ್ ರೂಲ್ಸ್ ಜೊತೆಗೆ 1982ರ ಪೋರ್ಟ್‌ಲೆಂಡ್ ಕಛೇರಿ ಪೂರ್ತಿಯಾಗಿ ಸಿಗುತ್ತದೆ. ಅದೊಂದಕ್ಕಾಗಿಯೇ ಕೊಳ್ಳಬಹುದು, ಡಿಯೋ ವೇದಿಕೆಯಲ್ಲಿ ಸಾಲುಗಳನ್ನು ಹೇಗೆ ಬೆಳೆಸುತ್ತಿದ್ದರು ಎಂಬುದು ಅಲ್ಲಿದೆ. ಹೆವನ್ ಅಂಡ್ ಹೆಲ್ ಮಾತ್ರ ಹಳೆಯ ಸಿಡಿ ಕಡಿಮೆ ಬೆಲೆಗೆ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಅದೇ ಸಾಕು.

ಈ ಹಾಡುಗಳನ್ನು ಹಾಡಲು ಹೊರಡುವವರಿಗೆ ಇಲ್ಲಿ ಕೆಲವು ಮಾತು ಹೇಳಲೇಬೇಕು, ಏಕೆಂದರೆ ಡಿಯೋ ಅನುಕರಣೆಯಲ್ಲಿ ಗಂಟಲು ಕೆಡಿಸಿಕೊಳ್ಳುವುದು ಸುಲಭ. ಅವರ ಧ್ವನಿಯಲ್ಲಿ ಕೇಳುವ ಒರಟು ಗರಗರ ಒಂದು ಲೇಪ ಮಾತ್ರ. ಅದರ ಕೆಳಗೆ ಶುದ್ಧವಾದ, ಧ್ವನಿತಂತುಗಳು ಗಾಳಿ ಸೋರದಂತೆ ಮುಚ್ಚಿಕೊಂಡು ಬರುವ, ಶ್ರುತಿಬದ್ಧ ಸ್ವರವಿದೆ. ಒರಟುತನ ಹುಟ್ಟುವುದು ಧ್ವನಿತಂತುಗಳಿಗಿಂತ ಮೇಲಿನ ಭಾಗ ಹಗುರವಾಗಿ ಕಂಪಿಸಿದಾಗ. ಹೊಸಬರು ಇದನ್ನು ಗಂಟಲು ಹಿಸುಕಿ ಪಡೆಯಲು ನೋಡುತ್ತಾರೆ. ಆಗ ತಂತುಗಳೇ ಒಂದಕ್ಕೊಂದು ಬಡಿದು ಊದಿಕೊಳ್ಳುತ್ತವೆ, ತಿಂಗಳುಗಟ್ಟಲೆ ಹೀಗೆ ಮಾಡಿದರೆ ಗಂಟು ಕಟ್ಟುತ್ತದೆ. ಮೊದಲ ಆರು ತಿಂಗಳು ಗರಗರವನ್ನು ಪೂರ್ತಿ ಬಿಟ್ಟು ಬರೀ ಸ್ವರ ಹಾಡಿ.

ಎರಡನೆಯದು ಸ್ವರಾಕ್ಷರಗಳ ಆಕಾರ. ತಾರಸ್ಥಾಯಿಯಲ್ಲಿ ಇಂಗ್ಲಿಷಿನ ಉದ್ದ ‘ಈ’ಯನ್ನು ಹಾಗೆಯೇ ಹಿಗ್ಗಿಸಿದರೆ ನಾಲಿಗೆ ಮೇಲೆದ್ದು ಗಂಟಲು ಕಿರಿದಾಗುತ್ತದೆ, ಸ್ವರ ಕೀರಲಾಗುತ್ತದೆ. ‘ಈ’ಯನ್ನು ‘ಎ’ ಕಡೆಗೆ ಒಂದಿಷ್ಟು ಸರಿಸಿ. ‘ಆ’ಯನ್ನು ಪೂರ್ತಿ ಅಗಲಿಸದೆ ‘ಒ’ ಕಡೆಗೆ ದುಂಡಾಗಿಸಿ. ಡಿಯೋ ಏರುಸ್ವರಗಳನ್ನು ನಿಧಾನಗತಿಯಲ್ಲಿ ಕೇಳಿದರೆ ಇದೇ ಕಾಣುತ್ತದೆ. ಹೀಗೆ ಬಾಯಿ ಮತ್ತು ಗಂಟಲಿನ ಪೊಳ್ಳು ಸರಿಯಾಗಿ ರೂಪುಗೊಂಡಾಗ ಸುಮಾರು 2,500ರಿಂದ 3,500 ಹರ್ಟ್ಜ್ ನಡುವೆ ಧ್ವನಿಗೆ ಒಂದು ಹೊಳಪು ಬರುತ್ತದೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದೂ ಆ ಭಾಗದಲ್ಲೇ. ಮೈಕ್ ಇಲ್ಲದ ಕಾಲದ ಬಯಲಾಟದಲ್ಲಿ ಭಾಗವತರ ಪದ ಚೆಂಡೆಯ ಸದ್ದನ್ನು ದಾಟಿ ಹಿಂದಿನ ಸಾಲಿಗೆ ತಲುಪುತ್ತಿದ್ದುದರ ಹಿಂದೆಯೂ ಇಂಥದೇ ಹೊಳಪು ಇರುತ್ತಿತ್ತು. ಬಲದಿಂದ ಆಗದ್ದನ್ನು ಆಕಾರ ಮಾಡುತ್ತದೆ.

ಅಭ್ಯಾಸದ ಕ್ರಮ ಹೀಗಿರಲಿ. ಲೋಟದ ನೀರಿನಲ್ಲಿ ಸ್ಟ್ರಾವನ್ನು ಎರಡು ಮೂರು ಸೆಂಟಿಮೀಟರ್ ಅದ್ದಿ, ಗುಳ್ಳೆ ಏಳಿಸುತ್ತಾ ಮಂದ್ರದಿಂದ ತಾರಕ್ಕೆ, ತಾರದಿಂದ ಮಂದ್ರಕ್ಕೆ ಐದು ನಿಮಿಷ ಜಾರಿ. ಗುಳ್ಳೆಗಳು ಒಂದೇ ಸಮನಾಗಿ ಬರಬೇಕು, ತಡೆದು ತಡೆದು ಬಂದರೆ ಉಸಿರು ಏರುಪೇರಾಗುತ್ತಿದೆ. ಆಮೇಲೆ ಹಾಡಿನ ಶ್ರುತಿಯನ್ನು, ಶ್ರುತಿ ಬದಲಿಸುವ ಆಪ್‌ನಲ್ಲಿ, ಮೂರು ನಾಲ್ಕು ಅರ್ಧಸ್ವರ ಇಳಿಸಿಕೊಳ್ಳಿ. ಮೂಲ ಶ್ರುತಿಯಲ್ಲೇ ಹಾಡಬೇಕೆಂಬ ಹಟ ಬೇಡ. ಮೆಲ್ಲಗಿನ ಭಾಗವನ್ನು ಮೊದಲು ಕಲಿಯಿರಿ. ಅಲ್ಲಿ ಧ್ವನಿ ಗಾಳಿ ಬೆರೆತು ಬರುತ್ತಿದ್ದರೆ ಜೋರಿನ ಭಾಗಕ್ಕೆ ಹೋಗಬೇಡಿ, ಸೋರುವ ಸ್ವರವನ್ನು ಜೋರು ಮಾಡಿದರೆ ಗಂಟಲೇ ಅದರ ದಂಡ ತೆರುತ್ತದೆ. ಜೋರಿನ ಭಾಗವನ್ನು ಒಂದು ಕೂಟಕ್ಕೆ ಎರಡೇ ಸಲ ಪೂರ್ಣ ಕಂಠದಲ್ಲಿ ಹಾಡಿ, ಉಳಿದ ಸಲ ಅರ್ಧ ಸದ್ದಿನಲ್ಲಿ. ಗದ್ದ ಮೇಲೆ ಏಳುತ್ತಿದ್ದರೆ, ಕತ್ತಿನ ನರ ಉಬ್ಬುತ್ತಿದ್ದರೆ ಸ್ವರ ಕೈಮೀರಿದೆ, ಮತ್ತೊಂದು ಅರ್ಧಸ್ವರ ಇಳಿಸಿ. 25 ನಿಮಿಷಕ್ಕೆ ನಿಲ್ಲಿಸಿ. ಮರುದಿನ ಬೆಳಿಗ್ಗೆ ಮಾತಿನ ಧ್ವನಿ ಒಡೆದಿದ್ದರೆ ಆ ದಿನ ಅಭ್ಯಾಸವಿಲ್ಲ. ಧ್ವನಿ ಒಡೆದದ್ದು ಮೂರು ವಾರವಾದರೂ ಸರಿಯಾಗದಿದ್ದರೆ ಕಿವಿ ಮೂಗು ಗಂಟಲು ವೈದ್ಯರ ಬಳಿ ಹೋಗಿ ಧ್ವನಿಪೆಟ್ಟಿಗೆಯನ್ನು ಕ್ಯಾಮೆರಾದಲ್ಲಿ ನೋಡಿಸಲೇಬೇಕು. ಜೇನು, ಶುಂಠಿ, ಕಷಾಯ ಗಂಟಲಿಗೆ ಹಿತ, ಆದರೆ ಅವು ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ. ಮೈಕ್ ಹಿಡಿಯುವವರು ಜಾಲರಿಯನ್ನು ಅಂಗೈಯಲ್ಲಿ ಮುಚ್ಚಬೇಡಿ. ಮುಚ್ಚಿದರೆ ಮೈಕ್ ಮುಂದಿನ ಧ್ವನಿಯನ್ನಷ್ಟೇ ಹಿಡಿಯುವ ಗುಣ ಕಳೆದುಕೊಂಡು ವೇದಿಕೆಯ ಮಾನಿಟರ್ ಸ್ಪೀಕರ್ ಸದ್ದನ್ನೂ ಎಳೆದುಕೊಳ್ಳುತ್ತದೆ, ಕೂಗು ಹೊಡೆಯುತ್ತದೆ.

ಮಾಬ್ ರೂಲ್ಸ್ 1981ರ ನವೆಂಬರ್‌ನದ್ದು. ಡ್ರಮ್‌ನಲ್ಲಿ ಬಿಲ್ ವಾರ್ಡ್ ಬದಲು ವಿನಿ ಆಪಿಸ್ ಬಂದಿದ್ದಾರೆ, ಸದ್ದು ಹೆಚ್ಚು ಭಾರ, ಕಂಠ ಹೆಚ್ಚು ಖಾರ. ಇದರ ಬೆನ್ನಿಗೆ ಬಂದ ಲೈವ್ ಆಲ್ಬಮ್ ಲೈವ್ ಈವಿಲ್ ತಂಡವನ್ನೇ ಒಡೆಯಿತು. ಮಿಕ್ಸಿಂಗ್ ಸಮಯದಲ್ಲಿ ಡಿಯೋ ಮತ್ತು ಆಪಿಸ್ ತಮ್ಮ ಸದ್ದನ್ನು ಏರಿಸಿಕೊಂಡರು ಎಂಬ ಆರೋಪ ಒಂದು ಕಡೆ, ಇಲ್ಲವೆಂಬ ಮಾತು ಇನ್ನೊಂದು ಕಡೆ, ಕೊನೆಗೆ ಇಬ್ಬರೂ ಹೊರನಡೆದರು. ಆ ಹಳೆಯ ಮಿಕ್ಸ್ ಮಂಕಾಗಿಯೇ ಇದೆ. ಕೊಳ್ಳುವುದಾದರೆ 2023ರಲ್ಲಿ ವಿನ್ ಡೇವಿಸ್ ಹೊಸದಾಗಿ ಮಿಕ್ಸ್ ಮಾಡಿದ ಆವೃತ್ತಿ ತೆಗೆದುಕೊಳ್ಳಿ, ಪೆಟ್ಟಿಗೆಯಲ್ಲಿ ಹಳೆಯದೂ ಇರುತ್ತದೆ, ಹೋಲಿಸಬಹುದು.

ಹೊರಬಂದ ಇಬ್ಬರೂ ರೈನ್‌ಬೋ ಕಾಲದ ಬೇಸ್ ವಾದಕ ಜಿಮ್ಮಿ ಬೇನ್ ಅವರನ್ನೂ, ಬೆಲ್‌ಫಾಸ್ಟ್‌ನ 20 ವರ್ಷದ ಹುಡುಗ ವಿವಿಯನ್ ಕ್ಯಾಂಬೆಲ್ ಅವರನ್ನೂ ಸೇರಿಸಿಕೊಂಡು ಡಿಯೋ ತಂಡ ಕಟ್ಟಿದರು. 1983ರ ಮೇ 25ರಂದು ಹೋಲಿ ಡೈವರ್ ಬಂತು. ಲಾಸ್ ಏಂಜಲೀಸ್ ಹೊರವಲಯದ ವ್ಯಾನ್ ನೈಸ್‌ನಲ್ಲಿದ್ದ ಸೌಂಡ್ ಸಿಟಿ ಸ್ಟುಡಿಯೋ, ನಿರ್ಮಾಣ ಡಿಯೋ ಅವರದೇ. ನಲವತ್ತು ದಾಟಿದ ಗಾಯಕನ ಮೊದಲ ಸ್ವಂತ ಆಲ್ಬಮ್ ಇದು. ಅತಿ ಹೆಚ್ಚು ಜನ ಗುನುಗುವ ರೈನ್‌ಬೋ ಇನ್ ದ ಡಾರ್ಕ್ ಹಾಡನ್ನು ತೀರಾ ಪಾಪ್ ಆಯಿತೆಂದು ಡಿಯೋ ಟೇಪಿನಿಂದಲೇ ಕತ್ತರಿಸಿ ಬಿಸಾಡಲು ಹೊರಟಿದ್ದರು, ಉಳಿದವರು ತಡೆದರು. ಶೀರ್ಷಿಕೆ ಗೀತೆ ಶುರುವಾಗುವ ಮುನ್ನ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬರೀ ಗಾಳಿ ಮತ್ತು ಕೀಬೋರ್ಡ್ ಸದ್ದು, ಫೈಲ್ ಕೆಟ್ಟಿದೆ ಎಂದು ಮುಂದೆ ಓಡಿಸಬೇಡಿ.

ಹೋಲಿ ಡೈವರ್‌ಗೆ 2022ರಲ್ಲಿ ನಾಲ್ಕು ಸಿಡಿಯ ಪೆಟ್ಟಿಗೆ ಬಂದಿದೆ. ಜೋ ಬರೇಸಿ ಮಾಡಿದ ಹೊಸ ಮಿಕ್ಸ್, 1983ರ ಮಿಕ್ಸ್‌ನ ರೀಮಾಸ್ಟರ್, ಅದೇ ವರ್ಷ ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ನಡೆದ ಕಛೇರಿ, ಬಿಡಿ ತುಣುಕುಗಳು. ಹೊಸ ಮಿಕ್ಸ್‌ನಲ್ಲಿ ಡ್ರಮ್ ಮತ್ತು ಬೇಸ್ ಮುಂದೆ ಬಂದಿವೆ, ಎಂಬತ್ತರ ದಶಕದ ಗುಹೆಯಂಥ ಪ್ರತಿಧ್ವನಿ ಕಡಿಮೆಯಾಗಿದೆ. ಜಿಮ್ಮಿ ಬೇನ್ ಬೆರಳುಗಳನ್ನು ಕೇಳಬೇಕೆನ್ನುವವರಿಗೆ ಇದು ಹಬ್ಬ. ಆದರೆ ಮೊದಲ ಸಲ ಕೇಳುವವರು 1983ರ ಮಿಕ್ಸ್‌ನಿಂದಲೇ ಶುರುಮಾಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಡಿಯೋ ತಮ್ಮ ಕಂಠವನ್ನು ಆ ಪ್ರತಿಧ್ವನಿಯ ಅಳತೆಗೆ ಕೂರಿಸಿ ಹಾಡಿದ್ದಾರೆ, ಸಾಲಿನ ಕೊನೆಯನ್ನು ಎಷ್ಟು ಎಳೆಯಬೇಕು, ಎಲ್ಲಿ ಕಡಿಯಬೇಕು ಎಂಬುದು ಅದಕ್ಕೆ ಹೊಂದಿಕೊಂಡಿದೆ. ಪ್ರತಿಧ್ವನಿ ತೆಗೆದಾಗ ಕೆಲವು ಕಡೆ ಸಾಲು ಬೇಗ ಮುಗಿದಂತೆ ಕೇಳುತ್ತದೆ.

ಬಿಡಬಹುದಾದವು: 1985ರ ಸೇಕ್ರೆಡ್ ಹಾರ್ಟ್‌ನಲ್ಲಿ ಕೀಬೋರ್ಡ್ ಗಿಟಾರಿನ ಜಾಗ ತಿಂದಿದೆ. ಡ್ರೀಮ್ ಈವಿಲ್ ಅದಕ್ಕಿಂತ ಮೇಲು, ಆದರೆ ಮೊದಲೆರಡರ ನೆರಳು. 1996ರ ಆಂಗ್ರಿ ಮೆಷೀನ್ಸ್‌ನಲ್ಲಿ ಗಾಯಕನಿಗೂ ಗಿಟಾರಿಗೂ ಹೊಂದಾಣಿಕೆಯೇ ಇಲ್ಲ. 2000ದ ಮ್ಯಾಜಿಕಾ ಒಂದೇ ಕಥೆಯ ಆಲ್ಬಮ್, ಕೊನೆಯಲ್ಲಿ ಡಿಯೋ 18 ನಿಮಿಷ ಕಥೆಯನ್ನು ಓದಿ ಹೇಳುತ್ತಾರೆ. ಅವರ ಮಾತಿನ ಧ್ವನಿಯ ಮೇಲೆ ಪ್ರೀತಿ ಇರುವವರಿಗೆ ಅದು ಬೇಕು, ಮಿಕ್ಕವರಿಗೆ ಕಾಯಬಹುದು. 2002ರ ಕಿಲ್ಲಿಂಗ್ ದ ಡ್ರ್ಯಾಗನ್ ಅಗ್ಗಕ್ಕೆ ಸಿಕ್ಕರೆ ತೆಗೆದುಕೊಳ್ಳಿ.

ಡೀಹ್ಯೂಮನೈಜರ್ ಬಗ್ಗೆ ಜಗಳ ಇದ್ದೇ ಇದೆ. ಬ್ಲ್ಯಾಕ್ ಸ್ಯಾಬತ್‌ಗೆ ಮರಳಿದ ಡಿಯೋ ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಹಾಡಿದ್ದು, ಬಂದದ್ದು 1992ರಲ್ಲಿ. ಪ್ರತಿಧ್ವನಿ ಇಲ್ಲದ ಒಣ ಸದ್ದು, ಕೋಟೆ ಡ್ರ್ಯಾಗನ್‌ಗಳು ಹೋಗಿ ಯಂತ್ರ, ಟಿವಿ, ಸಮಕಾಲೀನ ಕೋಪ ಬಂದಿದೆ. ಹಳೆಯ ಅಭಿಮಾನಿಗಳಿಗೆ ಹಿಡಿಸದ ಆಲ್ಬಮ್. ಆದರೆ ಅವರ ಕಂಠವನ್ನು ಯಾವ ಅಲಂಕಾರವೂ ಇಲ್ಲದೆ, ಕಿವಿಯ ಪಕ್ಕದಲ್ಲೇ ಕೇಳಲು ಸಿಗುವುದು ಇಲ್ಲೇ. 50ರ ಹತ್ತಿರದ ಕಂಠ ಅದು, ತಾರದ ತುದಿಯಲ್ಲಿ ಸ್ವಲ್ಪ ತೂಕ ಹೆಚ್ಚಿದೆ, ಮಧ್ಯಸ್ಥಾಯಿಯಲ್ಲಿ ಕಬ್ಬಿಣ. ಇದನ್ನು ಹಳೆಯ ಒಂಟಿ ಎಲ್‌ಪಿಯಲ್ಲಿ ಕೊಳ್ಳಬೇಡಿ. 52 ನಿಮಿಷವನ್ನು ಒಂದೇ ತಟ್ಟೆಗೆ ತುಂಬಿದ್ದಾರೆ, ಬದಿಗೆ 26 ನಿಮಿಷ, ಮೇಲೆ ಹೇಳಿದ ಎಲ್ಲ ತೊಂದರೆಯೂ ಇದಕ್ಕಿದೆ. ಸಿಡಿ ಸಾಕು. ಆ ವರ್ಷದ ನವೆಂಬರ್‌ನಲ್ಲಿ ಆಸ್‌ಬರ್ನ್ ಕಛೇರಿಗೆ ಮುನ್ನ ಹಾಡಲು ಒಪ್ಪದೆ ಡಿಯೋ ಮತ್ತೆ ತಂಡ ಬಿಟ್ಟರು. ಆ ಕಛೇರಿ ನಡೆದ ಎರಡು ರಾತ್ರಿ ಡಿಯೋ ಜಾಗದಲ್ಲಿ ಹಾಡಿದ್ದು ಜೂಡಸ್ ಪ್ರೀಸ್ಟ್ ತಂಡದಿಂದ ಹೆಸರಾದ ಗಾಯಕ ರಾಬ್ ಹಾಲ್‌ಫೋರ್ಡ್.

ಡೀಹ್ಯೂಮನೈಜರ್ ಮಾಡಿದ ಅದೇ ನಾಲ್ವರು 2006ರಲ್ಲಿ ಮತ್ತೆ ಸೇರಿದಾಗ ತಂಡಕ್ಕೆ ಹೆವನ್ ಅಂಡ್ ಹೆಲ್ ಎಂದೇ ಹೆಸರಿಟ್ಟರು. 2007ರ ಮಾರ್ಚ್ 30ರಂದು ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಮುದ್ರಿಸಿದ ಲೈವ್ ಆಲ್ಬಮ್ ಮತ್ತು ಡಿವಿಡಿ ಇವೆ. ಇಲ್ಲಿ ಡಿವಿಡಿಯನ್ನೇ ಆರಿಸಿ. 64 ವರ್ಷದ ಗಾಯಕ ಹಳೆಯ ಹಾಡುಗಳ ಅತಿ ಎತ್ತರದ ಕೆಲವು ಸಾಲುಗಳನ್ನು ಹೇಗೆ ಮರುರಚಿಸುತ್ತಾರೆ ಎಂಬುದನ್ನು ನೋಡಿ: ಸ್ವರ ಇಳಿಸಿದ ಕಡೆ ಕಾಲಪ್ರಮಾಣವನ್ನು ಸ್ವಲ್ಪ ತಡೆದು, ಪದಕ್ಕೆ ಒತ್ತು ಕೊಟ್ಟು, ಕಳೆದ ಎತ್ತರವನ್ನು ತೂಕದಿಂದ ತುಂಬುತ್ತಾರೆ. ವಯಸ್ಸಾಗುತ್ತಿರುವ ಯಾವ ಗಾಯಕರಿಗೂ, ಯಾವ ಸಂಗೀತದವರಿಗೂ ಇದು ಉಪಯೋಗದ ಪಾಠ.

ದಿ ಡೆವಿಲ್ ಯು ನೋ ಬಂದದ್ದು 2009ರ ಏಪ್ರಿಲ್‌ನಲ್ಲಿ, ಮತ್ತೆ ರಾಕ್‌ಫೀಲ್ಡ್‌ನಿಂದ. ನಿಧಾನ, ಭಾರ, ಕತ್ತಲು. ಬೈಬಲ್ ಬ್ಲ್ಯಾಕ್ ಹಾಡನ್ನು ಮೊದಲು ಹಾಕಿ. ಅಕೂಸ್ಟಿಕ್ ಗಿಟಾರ್, ಅದರ ಮೇಲೆ ಮೆಲುದನಿ, ಆಮೇಲೆ ಇಡೀ ತಂಡ, 29 ವರ್ಷ ಹಿಂದೆ ಚಿಲ್ಡ್ರನ್ ಆಫ್ ದ ಸೀ ತೆರೆದ ಬಾಗಿಲೇ ಇದು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಮಂದ್ರ ಆಳವಾಗಿರುವುದು, ಉಸಿರು ಒಂದಿಷ್ಟೂ ಸಡಿಲವಾಗದಿರುವುದು ಸ್ಪಷ್ಟವಾಗಿ ಕೇಳುತ್ತದೆ. ಆ ವರ್ಷದ ಆಗಸ್ಟ್ 29ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಅವರು ಕೊನೆಯ ಸಲ ವೇದಿಕೆ ಏರಿದರು. ನವೆಂಬರ್‌ನಲ್ಲಿ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯಿತು. 2010ರ ಮೇ 16ರಂದು ಹ್ಯೂಸ್ಟನ್‌ನಲ್ಲಿ ತೀರಿಕೊಂಡರು, 67 ವರ್ಷ. ಈ ಆಲ್ಬಮ್‌ನಲ್ಲಿ ಬೇಸ್ ದಟ್ಟವಾಗಿರುವುದರಿಂದ ಫೋನಿನ ಸ್ಪೀಕರ್‌ನಲ್ಲಿ ಅರ್ಧ ಹಾಡು ಮಾಯವಾಗುತ್ತದೆ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ, ಆಪ್‌ನ ಬೇಸ್ ಬೂಸ್ಟ್ ಆಫ್ ಮಾಡಿ, ಮೊದಲ ನಿಮಿಷಕ್ಕೆ ವಾಲ್ಯೂಮ್ ಮುಟ್ಟದೆ ಕೇಳಿ.